ಮೌಶಿ ಓದದೆ ಕೊಟ್ಟ ಒಂದೇ ಪುಸ್ತಕ

ಹದಿನೈದು ದಿನಗಳ ಹಿಂದೆ ಬೊರಿವಲಿಯ ನಮ್ಮ ಡೆಂಟಿಸ್ಟು ನನ್ನ ಹಲ್ಲಿನ ಕುಳಿಯೊಳಗೆ ಹತ್ತಿಯ ಉಂಡೆಯೊಂದನ್ನು ಒತ್ತಿ, ಐದು ನಿಮಿಷ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳಿ ಪಕ್ಕದ ಕೋಣೆಗೆ ಹೋದರು. ಹತ್ತಿಯಲ್ಲಿ ಲವಂಗದ ಎಣ್ಣೆ ಇತ್ತು. ಖಾರ ನಾಲಿಗೆಗೆ ಇಳಿಯುವ ಮೊದಲೇ ವಾಸನೆ ಮೂಗಿಗೇರಿತು. ಕಣ್ಣು ಮುಚ್ಚಿದೆ. ಮುಲುಂಡಿನ ಒಂದು ಗ್ಯಾರೇಜು, ಅರ್ಧ ಎತ್ತಿದ ಶಟರು, ಒಳಗೆ ಟ್ಯೂಬ್‌ಲೈಟಿನ ಬೆಳಕಲ್ಲಿ ಸಾಲಾಗಿ ನಿಂತ ಕಪ್ಪು ಪುಸ್ತಕಗಳು... ಡೆಂಟಿಸ್ಟು ವಾಪಸ್ಸು ಬಂದು ನನ್ನ ಮುಖ ನೋಡಿ, ಅಷ್ಟು ನೋವಾಗುತ್ತಿದೆಯೇ ಎಂದು ಕೇಳಿದರು. ಬಾಯಲ್ಲಿ ಹತ್ತಿ ಇದ್ದದ್ದರಿಂದ ಉತ್ತರ ಹೇಳುವ ಕಷ್ಟ ತಪ್ಪಿತು.

ಆ ಗ್ಯಾರೇಜು ಒಂದು ಲೈಬ್ರರಿಯಾಗಿತ್ತು. ನಾವಿದ್ದ ಬಿಲ್ಡಿಂಗಿನ ಕೆಳಗೆ, ನೀರಿನ ಪಂಪಿನ ಪಕ್ಕದಲ್ಲಿ. ನಡೆಸುತ್ತಿದ್ದವರನ್ನು ಎಲ್ಲರೂ ಮೌಶಿ ಎನ್ನುತ್ತಿದ್ದರು. ಮೌಶಿ ಎಂದರೆ ಚಿಕ್ಕಮ್ಮ. ಮರಾಠಿಯವರೂ ಹಾಗೇ ಕರೆಯುತ್ತಾರೆ, ನಮ್ಮ ಧಾರವಾಡದ ಕಡೆಯವರೂ ಹಾಗೇ ಕರೆಯುತ್ತಾರೆ. ಹಾಗಾಗಿ ಇಡೀ ಹೌಸಿಂಗ್ ಸೊಸೈಟಿಗೆ ಅವರು ಒಂದೇ ಹೆಸರಿನ ಚಿಕ್ಕಮ್ಮನಾಗಿದ್ದರು. ಧಾರವಾಡದಲ್ಲಿ ಹುಟ್ಟಿ, ಇಪ್ಪತ್ತರ ವಯಸ್ಸಿಗೆ ಮುಂಬಯಿಗೆ ಬಂದು, ಮದುವೆಯಾಗದೆ, ಪರೇಲಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತ ನಲವತ್ತು ವರ್ಷ ಕಳೆದವರು. ಆ ಪ್ರೆಸ್ಸು ಅಚ್ಚು ಹಾಕುತ್ತಿದ್ದದ್ದು ಔಷಧದ ಡಬ್ಬಿಯೊಳಗೆ ಮಡಚಿ ಇಡುವ ಚೀಟಿಗಳನ್ನು. ಯಾವ ಗುಳಿಗೆ ಎಷ್ಟು ಹೊತ್ತಿಗೆ, ಯಾರು ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಏನೇನಾಗಬಹುದು, ಎಲ್ಲ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ನಲವತ್ತು ವರ್ಷ ಅದನ್ನೇ ಓದಿ ನಿವೃತ್ತರಾದ ಮೇಲೆ ಅವರು ಗ್ಯಾರೇಜಿಗೆ ಶೆಲ್ಫು ಹಾಕಿಸಿದರು. ಬೆಳ್ಳಿಹುಳ ಬಾರದಿರಲಿ ಎಂದು ಪ್ರತಿ ಶೆಲ್ಫಿನ ಮೂಲೆಯಲ್ಲಿ ಹಳೇ ಸೀರೆಯ ತುಂಡಿನಲ್ಲಿ ಲವಂಗದ ಗಂಟು ಕಟ್ಟಿಟ್ಟರು. ಒಂದೇ ಒಂದು ಜಾತಿಯ ಪುಸ್ತಕ ತುಂಬಿದರು.

ಹದಿಹರೆಯದವರಿಗಾಗಿ ಬರೆದ ಮಾಯಾಲೋಕದ ಕಾದಂಬರಿಗಳು. ಕಪ್ಪು ಹೊದಿಕೆ, ಮೇಲೆ ಚಿನ್ನದ ಕಿರೀಟ, ಕಿರೀಟಕ್ಕೆ ಸುತ್ತಿಕೊಂಡ ಹಾವು ಅಥವಾ ಮುಳ್ಳು. ಒಳಗೆ ಶಾಪಗ್ರಸ್ತ ಅರಮನೆಗಳು, ಮುಖವಾಡದ ನೃತ್ಯಕೂಟಗಳು, ವಿಷ ತುಂಬಿದ ಉಂಗುರಗಳು, ಸೌಂದರ್ಯದಿಂದಲೇ ಕೊಲ್ಲುವ ರಾಣಿಯರು. ಶನಿವಾರ ಮಧ್ಯಾಹ್ನ ಲೋಕಲ್ ರೈಲು ಹಿಡಿದು ಫೋರ್ಟಿನ ಹಳೇ ಪುಸ್ತಕದ ಫುಟ್‌ಪಾತಿಗೆ ಹೋಗಿ, ಬಿಸಿಲಲ್ಲಿ ಕೂತು ಆರಿಸಿ, ಚೀಲ ತುಂಬಿಕೊಂಡು ಬರುತ್ತಿದ್ದರು. ಅರವತ್ತು ದಾಟಿದ, ನೂಲಿನ ಸೀರೆಯ, ಕೊರಳಲ್ಲಿ ಒಂದೆಳೆ ಸರವೂ ಇಲ್ಲದ ಹೆಂಗಸು ಇವನ್ನೆಲ್ಲ ಯಾಕೆ ಓದಬೇಕು ಎಂದು ಸೊಸೈಟಿಯವರಿಗೆ ಆಶ್ಚರ್ಯ. ಒಮ್ಮೆ ಯಾರೋ ಕೇಳಿಯೇಬಿಟ್ಟರು, ಸಂಸಾರದ ಕಾದಂಬರಿ ಇಡಬಾರದೇ ಅಂತ. ಮೌಶಿ ಮೇಲಕ್ಕೆ ಕೈ ತೋರಿಸಿದರು. "ಅದನ್ನ ಪುಸ್ತಕದಾಗ ಯಾಕ ಓದಬೇಕ್ರಿ? ನಾಕೂ ಮಜಲಿಂದ ದಿನಾ ಕೇಳಸ್ತದಲ್ಲ."

ನಾನು ಮೊದಲ ಸಲ ಅಲ್ಲಿಗೆ ಹೋದಾಗ ಏಳನೇ ಕ್ಲಾಸು. ಅಪ್ಪ ವಿಜಯಪುರದಿಂದ ಬಂದು ಒಂದು ಸಾರಿಗೆ ಕಂಪನಿಯಲ್ಲಿ ಗುಮಾಸ್ತರಾಗಿದ್ದವರು. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ನಾನು ಹಿಂದಿಯಲ್ಲಿ ಉತ್ತರಿಸುತ್ತಿದ್ದೆ. ಅದು ಅಹಂಕಾರವಲ್ಲ, ನನ್ನ ಬಾಯಿಗೆ ಬರುತ್ತಿದ್ದದ್ದೇ ಅದು. ಆ ವಾರ ನನ್ನ ಗೆಳತಿ ಬೆಂಚು ಬದಲಿಸಿ ಬೇರೆಯವಳ ಪಕ್ಕ ಕೂತಿದ್ದಳು. ಸಂಜೆ ಆಟಕ್ಕೆ ಹೋಗುವ ಮನಸ್ಸಿಲ್ಲದೆ ಗ್ಯಾರೇಜಿನೊಳಗೆ ಹೊಕ್ಕೆ. ಯಾವ ಥರದ ಪುಸ್ತಕ ಇಷ್ಟ ಎಂದು ಮೌಶಿ ಕೇಳಲಿಲ್ಲ. ಕನ್ನಡಕದ ಮೇಲಿಂದ ನನ್ನನ್ನು ಒಂದು ಕ್ಷಣ ನೋಡಿ, "ಯಾರ ಮ್ಯಾಲ ಸಿಟ್ಟದ?" ಎಂದರು.

ನಾನು ಹೇಳಿಬಿಟ್ಟೆ. ಮನೆಯಲ್ಲಿ ಹೇಳದ್ದನ್ನು ಅವರ ಮುಂದೆ ಹೇಗೆ ಹೇಳಿದೆನೋ... ಅವರು ಎದ್ದು, ಎರಡನೇ ಶೆಲ್ಫಿನಿಂದ ಒಂದು ಪುಸ್ತಕ ತೆಗೆದು, ಕೊಡದೆ ಕೈಯಲ್ಲೇ ಹಿಡಿದುಕೊಂಡು, ಅದರ ಮೊದಲ ಭಾಗವನ್ನು ಹೇಳತೊಡಗಿದರು. ಗೋಡೆಗಳೆಲ್ಲ ಕನ್ನಡಿಯಾದ ಅರಮನೆ. ಅಲ್ಲಿಯ ರಾಣಿಯ ನಿಲುವಂಗಿ ಜೀವಂತ ಪತಂಗಗಳಿಂದ ಹೆಣೆದದ್ದು. ಸುಳ್ಳು ಹೇಳಿದವರ ಎದುರು ಅವು ರೆಕ್ಕೆ ಬಡಿಯುತ್ತವೆ. ಅಕ್ಕನನ್ನು ಕೊಂದ ಆ ರಾಣಿಯನ್ನು ಮುಗಿಸಲು ಒಬ್ಬ ಹುಡುಗಿ ದಾಸಿಯಾಗಿ ಸೇರುತ್ತಾಳೆ, ಸೇರಿದ ಮೇಲೆ ರಾಣಿಯನ್ನು ಇಷ್ಟಪಡತೊಡಗುತ್ತಾಳೆ. ಅಲ್ಲಿಗೆ ನಿಲ್ಲಿಸಿ ಪುಸ್ತಕ ನನ್ನ ಕೈಗಿಟ್ಟರು. "ಇನ್ನೂರನೇ ಪುಟದ ಹತ್ರ ಒಂದು ಸಾವು ಅದ. ಮರುದಿನ ಪರೀಕ್ಷಾ ಇದ್ರ ಅವತ್ತು ಓದಬ್ಯಾಡ."

ಅದು ಅವರ ಪದ್ಧತಿ. ಪ್ರತಿ ಪುಸ್ತಕದ ಜೊತೆ ಒಂದು ಎಚ್ಚರಿಕೆ ಇರುತ್ತಿತ್ತು. ಇದರಲ್ಲಿ ನಾಯಿ ಸಾಯುತ್ತದೆ, ಇದನ್ನು ಹದಿನಾಲ್ಕು ತುಂಬದೆ ಮುಟ್ಟಬೇಡ, ಇದರ ರಾಜಕುಮಾರ ಚೆಂದ ಇದ್ದಾನೆ ಆದರೆ ನಂಬಬೇಡ. ಅದಕ್ಕೇ ಕೊನೆಯ ಪುಟದವರೆಗೆ ತಾವು ಓದದ ಪುಸ್ತಕವನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಹೊಸ ಪುಸ್ತಕಕ್ಕೆ ಮಕ್ಕಳು ಎಷ್ಟು ಗೋಗರೆದರೂ ಮೇಜಿನ ಮೇಲೆ ಅಂಗೈ ಊರಿ, "ಇನ್ನ ಎಂಬತ್ತು ಪಾನು ಉಳದಾವ, ನಾಳೆ ಬಾ" ಅನ್ನುತ್ತಿದ್ದರು. ಪುಟಕ್ಕೆ ಅವರು ಪಾನು ಎನ್ನುತ್ತಿದ್ದರು.

ಅಮ್ಮನಿಗೆ ಆ ಹೊದಿಕೆಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ಸಂಜೆ ತಲೆಬುರುಡೆಯ ಕಣ್ಣಿನಿಂದ ಗುಲಾಬಿ ಹೊರಟ ಚಿತ್ರ ನೋಡಿ, ಮನೆಯಲ್ಲಿ ದೇವರಿದ್ದಾರೆ ಎನ್ನುವುದೂ ನೆನಪಿಲ್ಲವೇ ಎಂದು ಪುಸ್ತಕ ಕಿತ್ತುಕೊಂಡು ಕೆಳಗಿಳಿದಳು. ನಾನು ಹಿಂದೆ ಓಡಿದೆ. "ಏನ್ರಿ ಮೌಶಿ, ಹುಡುಗಿಗೆ ದೆವ್ವದ ಪುಸ್ತಕ ಕೊಡೂದು ಚಲೋ ಐತೇನ್ರಿ?" ಎಂದಳು ಅಮ್ಮ. ಮೌಶಿ ಸಮರ್ಥನೆಗೆ ಇಳಿಯಲಿಲ್ಲ. ಕುರ್ಚಿ ತೋರಿಸಿ, "ಐದು ಮಿನಿಟ ಕೂಡ್ರಿ. ಏನದ ಅಂತ ಹೇಳ್ತೀನಿ, ಕೇಳಿ ಬ್ಯಾಡ ಅನ್ರಿ" ಎಂದರು. ಹೇಳಿದರು. ಐದು ನಿಮಿಷ ಅರ್ಧ ಗಂಟೆಯಾಯಿತು. ಮೇಲೆ ಹೋದಾಗ ಗ್ಯಾಸಿನ ಮೇಲಿಟ್ಟ ಹಾಲು ಪೂರ್ತಿ ಇಂಗಿ ಪಾತ್ರೆ ಕರಿದಾಗಿತ್ತು. ಮರುದಿನ ರೊಟ್ಟಿ ಬಡಿಯುತ್ತ ಅಮ್ಮ, ನನ್ನ ಕಡೆ ನೋಡದೆ, "ಆ ಸುಡಗಾಡ ರಾಣಿ ಮುಂದ ಏನ ಮಾಡಿದ್ಳು?" ಎಂದು ಕೇಳಿದಳು.

ಹೀಗೆ ಎರಡು ವರ್ಷ ನಡೆಯಿತು. ಒಂಬತ್ತನೇ ಕ್ಲಾಸಿನ ದೀಪಾವಳಿ ರಜೆ ಮುಗಿದ ಮೇಲೆ ಮೌಶಿ ಹೊಸ ಪುಸ್ತಕ ಕೊಡುವುದನ್ನು ನಿಲ್ಲಿಸಿದ್ದು ನನ್ನ ಗಮನಕ್ಕೆ ಬಂತು. ಹಳೆಯವನ್ನೇ ಮತ್ತೆ ಮತ್ತೆ ಹೇಳಿ ಕೊಡುತ್ತಿದ್ದರು. ಫೋರ್ಟಿನಿಂದ ತಂದವು ಮೇಜಿನ ಕೆಳಗೆ ಹಾಗೇ ಬಿದ್ದಿದ್ದವು. ಇನ್ನೂ ಮುಗಿದಿಲ್ಲವೇ ಎಂದು ನಾನು ಕೇಳಿಕೇಳಿ ಸಾಕಾಗಿ ಒಂದು ದಿನ ಅವರ ಮುಂದಿದ್ದ ಪುಸ್ತಕವನ್ನು ನೋಡಿದೆ. ಮೂರು ವಾರದ ಹಿಂದೆ ಇದ್ದ ಪುಟವೇ ತೆರೆದಿತ್ತು.

ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೌಶಿ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ಎಲ್ಲಿ ನೋಡ್ತೀನೋ ಅಲ್ಲೇ ಒಂದು ಕಪ್ಪು ಬಂದು ಕೂಡ್ತದ. ಸುತ್ತಲಿನದು ಕಾಣ್ತದ, ನಡುವಿನದು ಇಲ್ಲ. ಹೋದ ದೃಷ್ಟಿ ಇನ್ನ ವಾಪಸ ಬರೂದಿಲ್ಲ ಅಂದಾರ ಡಾಕ್ಟರು" ಎಂದರು. ಕನ್ನಡಕವನ್ನು ಮತ್ತೆ ಏರಿಸಿಕೊಂಡು, "ಯಾರ ಮುಂದೂ ಹೇಳಬ್ಯಾಡವಾ. ಓದಲಾರದಾಕಿ ಲೈಬ್ರರಿ ಇಟ್ಟಾಳ ಅಂದ್ರ ನಗ್ತಾರ" ಎಂದರು.

ನಾನು ಓದುತ್ತೇನೆ ಎಂದೆ. ದಿನಾ ಐದರಿಂದ ಆರು. ಶಟರು ಅರ್ಧ ಎಳೆದು ಕೂರುತ್ತಿದ್ದೆವು. ಮೊದಲ ದಿನ ಇಂಗ್ಲಿಷಿನಲ್ಲೇ ಜೋರಾಗಿ ಓದಿದೆ. ಎರಡು ಪುಟಕ್ಕೇ ಅವರು ಕೈ ಎತ್ತಿದರು. ಅವರ ಇಂಗ್ಲಿಷು ಕಣ್ಣಿನ ಇಂಗ್ಲಿಷಂತೆ, ಕಿವಿಯದಲ್ಲವಂತೆ. ನಲವತ್ತು ವರ್ಷ ಅಕ್ಷರವಾಗಿ ನೋಡಿದ್ದರೇ ಹೊರತು ಆಡಿದ್ದಿಲ್ಲ, ಕೇಳಿದ್ದೂ ಕಡಿಮೆ. "ಕನ್ನಡದಾಗ ಹೇಳಿಕೋತ ಹೋಗು" ಎಂದರು.

ನನಗೆಲ್ಲಿಯ ಕನ್ನಡ? ರಾಣಿ ತನ್ನ ಗೌನು ಪೆಹನಿದಳು ಎಂದೆ. ಮೌಶಿ, "ತೊಟ್ಟಳು" ಎಂದರು. ಸಿಂಹಾಸನದ ಮೇಲೆ ಬೈಠಿದಳು ಎಂದೆ. "ಕೂತಳು. ರಾಣಿ ಆದ್ರೂ ಕೂಡೂದ ಮಾಡ್ತಾಳ." ಇಂಗ್ಲಿಷಿನಲ್ಲಿ ಒಂದು ಮಾತು ಪದೇಪದೇ ಬರುತ್ತಿತ್ತು, ನೋಡುವವರ ಕಣ್ಣಿಗೆ ಕುರೂಪವನ್ನು ಚೆಲುವಾಗಿ ತೋರಿಸುವ ಮಾಟಕ್ಕೆ. ನಾನು ತಡವರಿಸಿ ಜಾದೂ ಎಂದೆ. ಅವರು ಒಪ್ಪಲಿಲ್ಲ. ಬಹಳ ಹೊತ್ತು ಯೋಚಿಸಿ, "ಮಂಕುಬೂದಿ" ಎಂದರು, ಆ ಮೇಲೆ ತಮ್ಮಷ್ಟಕ್ಕೆ ನಕ್ಕರು. ಅಂದಿನಿಂದ ನಮ್ಮಿಬ್ಬರ ಪುಸ್ತಕಗಳಲ್ಲಿ ಪರದೇಶದ ರಾಜಕುಮಾರರು ಧಾರವಾಡದ ಮಂಕುಬೂದಿ ಎರಚತೊಡಗಿದರು. ಎರಡು ಮೂರು ತಿಂಗಳಲ್ಲಿ ನಾನು ಮನೆಯಲ್ಲೂ ಕನ್ನಡದಲ್ಲಿ ಉತ್ತರ ಕೊಡತೊಡಗಿದೆ. ಅಪ್ಪ ಮೊದಲ ಸಲ ಕೇಳಿದಾಗ ಪೇಪರು ಕೆಳಗಿಟ್ಟು ಅಮ್ಮನ ಮುಖ ನೋಡಿದರು.

ನಾನು ಓದಿ ಹೇಳಿದ್ದನ್ನು ಮೌಶಿ ಚಾಚೂ ತಪ್ಪದೆ ನೆನಪಿಟ್ಟುಕೊಳ್ಳುತ್ತಿದ್ದರು. ಪುಸ್ತಕಗಳನ್ನು ಶೆಲ್ಫಿನ ಜಾಗದಿಂದ, ದಪ್ಪದಿಂದ, ಬೆನ್ನಿನ ಉಬ್ಬಕ್ಷರದಿಂದ ಗುರುತಿಸುತ್ತಿದ್ದರು. ಬಂದ ಮಕ್ಕಳಿಗೆ ಮೊದಲಿನಂತೆಯೇ ಕಥೆಯ ಆರಂಭ ಹೇಳಿ, ಎಚ್ಚರಿಕೆ ಹೇಳಿ, ಕೊಡುತ್ತಿದ್ದರು. ಯಾರಿಗೂ ಗೊತ್ತಾಗಲಿಲ್ಲ.

ಆಗ ಎಲ್ಲರೂ ಕಾಯುತ್ತಿದ್ದದ್ದು ಒಂದು ಮೂರು ಭಾಗದ ಕಥೆಯ ಕೊನೆಯ ಭಾಗಕ್ಕೆ. ನದಿಯ ತಳದಲ್ಲೊಂದು ನಗರ. ಅಮಾವಾಸ್ಯೆಗೊಮ್ಮೆ ಅಲ್ಲಿ ನೃತ್ಯಕೂಟ. ಒಳಗೆ ಹೋಗಬೇಕೆಂದರೆ ತಮ್ಮದೇನನ್ನಾದರೂ ಬಾಗಿಲಲ್ಲಿ ಬಿಟ್ಟು ಹೋಗಬೇಕು. ಒಬ್ಬರು ನಗುವನ್ನು ಬಿಟ್ಟಿರುತ್ತಾರೆ, ಒಬ್ಬರು ತಾಯಿಯ ಹೆಸರನ್ನು. ಅಲ್ಲಿ ಸಿಕ್ಕಿಬಿದ್ದ ತಮ್ಮನನ್ನು ಬಿಡಿಸಲು ಜೇಬುಗಳ್ಳಿಯೊಬ್ಬಳು ಇಳಿಯುತ್ತಾಳೆ. ಎರಡನೇ ಭಾಗ ಅವಳು ನದೀರಾಜನ ಎದುರು ನಿಂತಲ್ಲಿಗೆ ಮುಗಿದಿತ್ತು. ಈಗ ಶನಿವಾರಗಳಂದು ಫೋರ್ಟಿಗೆ ನಾನೂ ಜೊತೆಗೆ ಹೋಗುತ್ತಿದ್ದೆ. ಮೂರನೆಯದು ನನ್ನ ಕಣ್ಣಿಗೆ ಬಿದ್ದ ದಿನ ಮೌಶಿ ಅದನ್ನು ಲೋಕಲಿನಲ್ಲಿ ಮುಲುಂಡಿನವರೆಗೆ ಮಡಿಲಲ್ಲಿಟ್ಟುಕೊಂಡು ಬಂದರು. ಇಪ್ಪತ್ತು ಪುಟ ದಿನಕ್ಕೆ. ಎಂಟನೇ ದಿನ ನಾನು ಪುಟ ತಿರುಗಿಸಿದೆ. ನದೀರಾಜ ಅವಳಲ್ಲಿ ಕೇಳಿದ್ದು ಅವಳ ಕಣ್ಣುಗಳನ್ನು. ಅವಳು ಕೊಟ್ಟಳು.

ನಾನು ತಲೆ ಎತ್ತಿದೆ. ಮೌಶಿ ಮುಖವನ್ನು ಸ್ವಲ್ಪ ಪಕ್ಕಕ್ಕೆ ವಾಲಿಸಿ, ಅಂಚಿನಿಂದ ನನ್ನನ್ನು ನೋಡುತ್ತ ಕೂತಿದ್ದರು. "ಏನ ಕೇಳ್ದ?"

"ಕೂದಲು" ಎಂದೆ.

ಯಾಕೆ ಹಾಗೆಂದೆನೋ ಇವತ್ತಿಗೂ ಸರಿಯಾಗಿ ಹೇಳಲಾರೆ... ಅವರ ಎದುರು ಆ ಮಾತು ಬಾಯಿಗೆ ಬರಲಿಲ್ಲ, ಅಷ್ಟೆ. ಆದರೆ ಉಳಿದ ಪುಸ್ತಕವೆಲ್ಲ ನಿಂತಿದ್ದದ್ದು ಅವಳ ಕುರುಡುತನದ ಮೇಲೆ. ಒಂದು ಸುಳ್ಳು ಕಾಪಾಡಲು ನಾನು ನೂರೈವತ್ತು ಪುಟ ಕಟ್ಟಿ ಹೇಳಬೇಕಾಯಿತು. ಸ್ಕೂಲಿನಲ್ಲಿ ಕೂತು ಮರುದಿನದ ಭಾಗ ಹೊಂದಿಸುತ್ತಿದ್ದೆ. ಮೌಶಿ ಒಂದೆರಡು ಸಲ ಹುಬ್ಬುಗಂಟಿಕ್ಕಿ, "ಈ ಸಲ ಬರದಾಕಿ ಯಾಕೋ ಸಡ್ಲ ಬಿಟ್ಟಾಳ" ಎಂದರು. ನಾನು ಹೂಂ ಎಂದೆ.

ಪುಸ್ತಕ ಮೊದಲು ಹೋದದ್ದು ಪಕ್ಕದ ಬಿಲ್ಡಿಂಗಿನ ಒಬ್ಬ ಹುಡುಗಿಗೆ. ಆರನೇ ಕ್ಲಾಸು, ಮರಾಠಿ ಮನೆಯವಳು, ದಪ್ಪ ಕನ್ನಡಕ. ವರ್ಷವರ್ಷವೂ ನಂಬರು ಏರುತ್ತಿತ್ತು. ಒಂದು ದಿನ ಪೂರ್ತಿ ಕಾಣದೆ ಹೋದರೆ ಎಂಬ ಹೆದರಿಕೆಯನ್ನು ಅವಳು ಮೌಶಿಯ ಹತ್ತಿರ ಹೇಳಿಕೊಂಡಿದ್ದಳಂತೆ. ಈ ಕಥೆಯ ಮೂರನೇ ಭಾಗ ಓದಬಹುದಾ ಎಂದು ಅವಳು ಕೇಳಿದಾಗ ನಾನು ಅಲ್ಲಿರಲಿಲ್ಲ. ಮೌಶಿ ಧೈರ್ಯವಾಗಿ ಓದು, ಅವಳದು ಕೂದಲು ಹೋಗುತ್ತದೆ, ಅಷ್ಟೆ, ಎಂದು ಕೊಟ್ಟು ಕಳಿಸಿದ್ದರು.

ನಾಲ್ಕನೇ ದಿನ ಸಂಜೆ ಆ ಹುಡುಗಿಯ ತಾಯಿ ಬಂದರು. ಪುಸ್ತಕವನ್ನು ಮೇಜಿನ ಮೇಲಿಟ್ಟು, ದನಿ ಏರಿಸದೆ ಹಿಂದಿಯಲ್ಲಿ ಹೇಳಿದರು. ಮಗಳು ಎರಡು ದಿನದಿಂದ ಕನ್ನಡಕ ಹಾಕುತ್ತಿಲ್ಲ, ಸ್ಕೂಲಿಗೂ ಹೋಗಿಲ್ಲ, ಹೇಗೂ ಹೋಗುವ ಕಣ್ಣಿಗೆ ಯಾಕೆ ಎನ್ನುತ್ತಾಳೆ. "ಮೌಶಿ, ಆಪ್ ಪಢ್ ಕೇ ದೇತೇ ಹೋ, ಇಸ್ ಲಿಯೇ ಭರೋಸಾ ಥಾ." ನೀವು ಓದಿ ಕೊಡುತ್ತೀರಿ, ಅದಕ್ಕೇ ನಂಬಿಕೆ ಇತ್ತು. ಅಷ್ಟು ಹೇಳಿ ಹೋದರು.

ಮೌಶಿ ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ಆ ಪಾನು ತಗಿ. ಇಂಗ್ಲಿಷಿನಾಗ ಓದು, ಸಾವಕಾಶ."

ಓದಿದೆ. ನಾಲ್ಕೇ ಸಾಲು. ಕಣ್ಣು ಎಂಬ ಇಂಗ್ಲಿಷ್ ಪದಕ್ಕೆ ಕಿವಿಯ ಇಂಗ್ಲಿಷೇನೂ ಬೇಕಿರಲಿಲ್ಲ.

"ಕೂದಲಾ ಎಲ್ಲಿ ಅದ?"

"ಇಲ್ಲ" ಎಂದೆ.

ಅವರು ಬೈಯಲಿಲ್ಲ. ಎದ್ದು, ಕೈಯಿಂದ ತಡವಿ ಬೀಗ ಹುಡುಕಿ, ಐದೂವರೆಗೇ ಶಟರು ಎಳೆದರು. "ಅಕಿ ಮನಿ ತೋರಸು ನಡಿ."

ಲಿಫ್ಟಿಲ್ಲದ ಬಿಲ್ಡಿಂಗು, ನಾಲ್ಕನೇ ಮಜಲು. ನಾನು ತೋಳು ಹಿಡಿಯಲು ಹೋದರೆ ಬಿಡಿಸಿಕೊಂಡು ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದೇ ಹತ್ತಿದರು. ಬಾಗಿಲು ತೆರೆದ ತಾಯಿ ಗಾಬರಿಯಾಗಿ ನೀರು ತರಲು ಒಳಗೆ ಹೋದರು. ಹುಡುಗಿ ಕಿಟಕಿಯ ಹತ್ತಿರ ನೆಲದ ಮೇಲೆ ಕೂತಿದ್ದಳು, ಕನ್ನಡಕವಿಲ್ಲದ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಮೌಶಿ ಅವಳ ಎದುರು ನೆಲದ ಮೇಲೇ ಕೂತು, ತಮ್ಮ ಮುರುಕು ಹಿಂದಿಯಲ್ಲಿ ನೇರ ಹೇಳಿದರು: ಆ ಪುಸ್ತಕವನ್ನು ನಾನು ಓದಿರಲಿಲ್ಲ. ಒಂದು ವರ್ಷದಿಂದ ಯಾವುದನ್ನೂ ಓದಿಲ್ಲ. ನನಗೆ ಕಣ್ಣು ಕಾಣುವುದಿಲ್ಲ. ಸುಳ್ಳು ಹೇಳಿ ಕೊಟ್ಟೆ.

ನೀರಿನ ಲೋಟ ಹಿಡಿದು ತಾಯಿ ಬಾಗಿಲಲ್ಲೇ ನಿಂತರು. ಕಥೆ ಬದಲಿಸಿ ಹೇಳಿದವಳು ಇವಳು ಎಂದು ಮೌಶಿ ನನ್ನನ್ನು ತೋರಿಸಲಿಲ್ಲ. ನಾನಾದರೂ ಹೇಳಬೇಕಿತ್ತು... ಹೇಳಲಿಲ್ಲ.

ಹುಡುಗಿ ಮುಂದಕ್ಕೆ ಬಾಗಿ ಅವರ ಕಣ್ಣುಗಳನ್ನು ಹತ್ತಿರದಿಂದ ನೋಡಿದಳು. ಆಮೇಲೆ, "ಕುಛ್ ಭೀ ನಹೀಂ ದಿಖತಾ?" ಎಂದು ಕೇಳಿದಳು, ಏನೂ ಕಾಣುವುದಿಲ್ಲವಾ ಅಂತ.

"ಮುಖ ಕಾಣುವುದಿಲ್ಲ" ಎಂದರು ಮೌಶಿ. "ನೇರ ನೋಡಿದರೆ ನೀನಿಲ್ಲ. ಸ್ವಲ್ಪ ಪಕ್ಕಕ್ಕೆ ನೋಡಿದರೆ ನಿನ್ನ ರಿಬ್ಬನ್ನು ಕಾಣುತ್ತದೆ. ಕೆಂಪು." ಹುಡುಗಿ ಕೈಯೆತ್ತಿ ರಿಬ್ಬನ್ನು ಮುಟ್ಟಿ ನೋಡಿಕೊಂಡಳು. ಹೆದರಿಕೆ ಆಗುತ್ತದಾ ಎಂದಳು. ಆಗುತ್ತದೆ ಎಂದರು ಮೌಶಿ. ಮೊದಲ ಎರಡು ತಿಂಗಳು ಅಡಿಗೆಮನೆಗೆ ಹೋಗಲೂ ಹೆದರಿಕೆ. ಈಗ ಬೇಳೆ ಬೆಂದದ್ದು ಸಪ್ಪಳದಿಂದ ತಿಳಿಯುತ್ತದೆ. ಆದರೆ ನಿನ್ನ ಕಣ್ಣು ನನ್ನಂಥದಲ್ಲ, ಡಾಕ್ಟರನ್ನು ಕೇಳು, ನನ್ನನ್ನು ಕೇಳಬೇಡ, ಕನ್ನಡಕ ಹಾಕಿಕೋ.

ಆ ಹುಡುಗಿ ಆಗ ಹೇಳಿದ್ದು ನಮ್ಮಿಬ್ಬರಿಗೂ ಅನಿರೀಕ್ಷಿತ. ಕಣ್ಣು ಕೊಟ್ಟ ಪುಟಕ್ಕೇ ಅವಳು ಪುಸ್ತಕ ಮುಚ್ಚಿಬಿಟ್ಟಿದ್ದಳು. ಮುಂದೆ ಏನಾಗುತ್ತದೆ ಎಂದು ಮೌಶಿಯನ್ನು ಕೇಳಿದಳು. ಮೌಶಿಗೆ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಹೇಳಿದೆ, ಇದ್ದದ್ದು ಇದ್ದ ಹಾಗೆ. ಕಣ್ಣು ಹೋದ ಮೇಲೆ ಆ ನಗರದ ಮಂಕುಬೂದಿ ಅವಳಿಗೆ ತಾಕುವುದಿಲ್ಲ. ಬೆಳಕು, ರತ್ನ, ರೇಷ್ಮೆ ಎಲ್ಲರನ್ನೂ ಮರುಳು ಮಾಡಿದರೂ ಅವಳನ್ನು ಮಾಡುವುದಿಲ್ಲ. ಒಂದೇ ಮುಖದ ನೂರು ತಮ್ಮಂದಿರನ್ನು ರಾಜ ಎದುರಿಗೆ ನಿಲ್ಲಿಸಿದಾಗ ಅವಳು ಉಸಿರಾಟದ ಸಪ್ಪಳ ಕೇಳಿ ಸರಿಯಾದವನ ಕೈ ಹಿಡಿಯುತ್ತಾಳೆ. ಕಣ್ಣು ಮರಳಿ ಬರುವುದಿಲ್ಲ. ಅವಳು ತಮ್ಮನ ಹೆಗಲು ಹಿಡಿದು ದಂಡೆಗೆ ಹತ್ತಿ ಬರುತ್ತಾಳೆ.

ನಾನು ಕಟ್ಟಿದ್ದಕ್ಕಿಂತ ಅದು ಎಷ್ಟು ಗಟ್ಟಿಯಾಗಿತ್ತು ಎಂದು ನನಗೆ ಹೇಳುತ್ತಿರುವಾಗಲೇ ತಿಳಿಯಿತು. ಹುಡುಗಿ ಕನ್ನಡಕ ಹಾಕಿಕೊಂಡು, ನಾನು ಕೈಯಲ್ಲೇ ಹಿಡಿದು ತಂದಿದ್ದ ಪುಸ್ತಕವನ್ನು ವಾಪಸ್ಸು ತೆಗೆದುಕೊಂಡಳು.

ಇಳಿಯುವಾಗ ಎರಡನೇ ಮಜಲಿನ ತಿರುವಿನಲ್ಲಿ ಮೌಶಿ ನಿಂತರು. "ನನಗ ಕೆಟ್ಟ ಅನಸ್ತದ ಅಂತ ಮಾಡಿದ್ಯಾ?"

"ಹೂಂ."

"ನಲವತ್ತು ವರ್ಷ ಔಷಧದ ಚೀಟಿ ತಿದ್ದೀನಿ. ಓದಿದವರಿಗೆ ಕೆಟ್ಟ ಅನಸ್ತದ ಅಂತ ಒಂದು ಸಾಲು ಬಿಟ್ರ ಏನಾಗ್ತದ ಗೊತ್ತದ ಏನು?"

ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ. ನಾಳೆಯಿಂದ ಓದಲು ಬರಬೇಡ ಎಂದರು, ಮೆಲ್ಲನೆ.

ಮರುದಿನ ಮೌಶಿ ಗ್ಯಾರೇಜಿಗೆ ಬಂದ ಪ್ರತಿಯೊಬ್ಬರಿಗೂ ತಮ್ಮ ಕಣ್ಣಿನ ಸಂಗತಿ ತಾವೇ ಹೇಳಿದರು. ಅವರು ಹೆದರಿದಂತೆ ಯಾರೂ ನಗಲಿಲ್ಲ. ಕೆಲವು ಮನೆಯವರು ಮಕ್ಕಳನ್ನು ಕಳಿಸುವುದು ನಿಲ್ಲಿಸಿದರು, ಅದು ನಿಜ. ಉಳಿದವರು ಓದಿ ಹೇಳಲು ಸರದಿ ಹಚ್ಚಿದರು. ಕನ್ನಡಕದ ಹುಡುಗಿ ಮರಾಠಿಯಲ್ಲಿ ಓದುತ್ತಿದ್ದಳು. ನಾನು ಸಂಜೆ ಐದಕ್ಕೆ ಮೂರನೇ ಮಜಲಿನ ಗ್ಯಾಲರಿಯಲ್ಲಿ ನಿಂತು ಕೆಳಗಿನ ಶಟರು ನೋಡುತ್ತಿದ್ದೆ. ಎರಡು ತಿಂಗಳು. ಅಮ್ಮನಿಗೆ ಕಾರಣ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಒಂದು ದಿನ ಅವಳೇ ಕೆಳಗಿನಿಂದ ಬಂದು, ಮೌಶಿ ಕರೆಯುತ್ತಿದ್ದಾರೆ ಎಂದಳು.

ಹೋದೆ. ಮೌಶಿ ಮೇಜಿನ ಮೇಲಿದ್ದ ಹೊಸ ಪುಸ್ತಕ ನನ್ನ ಕಡೆ ಸರಿಸಿ, "ಅಕಿ ಚಲೋ ಓದ್ತಾಳ. ಆದ್ರ ಮರಾಠಿಯೊಳಗ ರಾಕ್ಷಸರು ಭಾಳ ಸಭ್ಯರು ಅನಸ್ತಾರ" ಎಂದರು. ನಾನು ಮೊದಲ ಪುಟ ತೆಗೆದೆ. "ಇದ್ದದ್ದು ಇದ್ದಂಗ" ಎಂದರು. ಆಮೇಲೆ ಆ ವಿಷಯ ನಮ್ಮ ನಡುವೆ ಬರಲಿಲ್ಲ.

ನಾನು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಯಿತು. ಎಲ್ಲರೂ ಬೇರೆ ಬೇರೆ ಕಡೆ ಬಾಡಿಗೆಗೆ ಚದುರಿದೆವು. ಮೌಶಿ ಹುಬ್ಬಳ್ಳಿಯ ತಂಗಿಯ ಮನೆಗೆ ಹೊರಟರು. ಹೊರಡುವ ಹಿಂದಿನ ವಾರವೆಲ್ಲ ಅವರು ಪುಸ್ತಕಗಳನ್ನು ಹಂಚಿದರು, ಕೈಗೆ ಬಂದದ್ದನ್ನಲ್ಲ. ಒಬ್ಬೊಬ್ಬರನ್ನೂ ಎದುರು ಕೂರಿಸಿ, ಮಾತಾಡಿಸಿ, ಆಮೇಲೆ ಶೆಲ್ಫಿನ ಮೇಲೆ ಕೈಯಾಡಿಸಿ ತೆಗೆದು. ನನಗೆ ಏನೂ ಕೊಡಲಿಲ್ಲ. "ನಿನಗ ಇನ್ನ ನಾ ಕೊಡೂದಲ್ಲ, ನೀ ನನಗ ಹೇಳೂದು" ಎಂದು ನನ್ನ ಮೊಬೈಲ್ ನಂಬರನ್ನು ಎರಡು ಸಲ ಬಾಯಿಪಾಠ ಒಪ್ಪಿಸಿದರು.

ಅದರಂತೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನಿನಲ್ಲಿ ಓದುತ್ತಿದ್ದೆ. ಮೂರು ವರ್ಷ. ನಾನು ಕೆಲಸಕ್ಕೆ ಸೇರಿದೆ, ಮದುವೆಯಾಯಿತು, ಬೊರಿವಲಿಗೆ ಬಂದೆ. ಆರು ದಿನ ಎರಡೂ ಹೊತ್ತು ಲೋಕಲಿನಲ್ಲಿ ನಿಂತು ಬಂದವಳಿಗೆ ಭಾನುವಾರ ಬೆಳಿಗ್ಗೆ ಎಂದರೆ... ಮುಂದಿನ ವಾರ ಓದುತ್ತೇನೆ ಮೌಶಿ ಎನ್ನುತ್ತಿದ್ದೆ. ಆಗಲಿ ಎನ್ನುತ್ತಿದ್ದರು. ಕೊನೆಯದಾಗಿ ಓದುತ್ತಿದ್ದದ್ದು ಬೆಂಕಿಯನ್ನು ಸಾಕುವ ಒಂದು ಮನೆತನದ ಕಥೆ. ಇಪ್ಪತ್ತೆರಡನೇ ಅಧ್ಯಾಯದಲ್ಲಿ ನಿಂತಿತ್ತು. ಹಿರಿಮಗಳು ಅರಮನೆಯ ಬಾಗಿಲು ತಟ್ಟಿದ್ದಾಳೆ, ಒಳಗಿಂದ ಯಾರೋ ಬರುತ್ತಿದ್ದಾರೆ. ಅಲ್ಲಿಗೆ ಬಿಟ್ಟು ಏಳು ತಿಂಗಳಾಗಿತ್ತು, ಅವರ ತಂಗಿ ಫೋನು ಮಾಡಿ ಮೌಶಿ ಹೋದರು ಎಂದು ಹೇಳಿದಾಗ. ನಿದ್ದೆಯಲ್ಲೇ ಹೋದರಂತೆ, ನೋವಿಲ್ಲ.

ಆ ತಂಗಿಯನ್ನು ನಾನು ಕಂಡವಳಲ್ಲ. ಸಮಾಚಾರವೆಲ್ಲ ಮುಗಿದ ಮೇಲೂ ಅವರು ಫೋನು ಇಡಲಿಲ್ಲ. ಸಂಕೋಚದಿಂದ ಕೇಳಿದರು. ಪ್ರತಿ ಭಾನುವಾರ ನಾನು ಓದಿದ್ದನ್ನು ಮೌಶಿ ಮಧ್ಯಾಹ್ನ ಊಟಕ್ಕೆ ಕೂತಾಗ ಅವರಿಗೆ ಹೇಳುತ್ತಿದ್ದರಂತೆ. "ಬಾಗಲಾ ಬಡದಾಳ ಅಂತ ಹೇಳಿ ಬಿಟ್ಟಾಳ ನೋಡವಾ. ಒಳಗಿಂದ ಬಂದಾವರು ಯಾರು?"

ಮುಂದಿನದನ್ನು ನಾನು ಓದಿರಲಿಲ್ಲ. ಓದಿಲ್ಲ ಎಂದೇ ಹೇಳಿದೆ. ಓದಿ ಹೇಳುತ್ತೇನೆ ಎಂದೂ ಹೇಳಿದೆ. ಹೇಳಿ ಎರಡು ವರ್ಷವಾಯಿತು.

ಡೆಂಟಿಸ್ಟಿನ ಹತ್ತಿರ ಹೋಗಿಬಂದ ಮರುದಿನ ಹುಬ್ಬಳ್ಳಿಗೆ ಫೋನು ಮಾಡಿದೆ. ಅವರಿಗೆ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಭಾನುವಾರಗಳಂದು ಓದಿ ಹೇಳಲೇ ಎಂದು ಕೇಳಿದೆ. ಆ ಕಡೆ ಕುಕ್ಕರು ಕೂಗಿ ನಿಂತಿತು. "ಬ್ಯಾಡ ಬಿಡವಾ" ಎಂದರು ಮೃದುವಾಗಿ. "ಅಕಿ ಹೇಳ್ತಿದ್ಳು ಅಂತ ಕೇಳ್ತಿದ್ದೆ. ನನಗ ಆ ರಾಜಾ ರಾಣಿ ಏನ ತಿಳೀತಾವ."

ಅರ್ಧಕ್ಕೆ ಬಿಟ್ಟಿದ್ದ ಆ ಬೆಂಕಿಯ ಮನೆತನದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ನಾಲ್ಕು ದಿನ ಬೊರಿವಲಿಯಿಂದ ಚರ್ಚ್‌ಗೇಟಿನವರೆಗೆ, ಹೆಂಗಸರ ಡಬ್ಬಿಯಲ್ಲಿ, ಬಾಗಿಲ ಪಕ್ಕದ ಕಂಬಕ್ಕೆ ಒರಗಿ, ಇಂಗ್ಲಿಷಿನಲ್ಲಿ, ಸದ್ದಿಲ್ಲದೆ ಓದಿ ಮುಗಿಸಿದೆ. ಬಾಗಿಲು ತೆರೆದದ್ದು ಮನೆಯವರೆಲ್ಲ ಸತ್ತಳೆಂದು ತಿಳಿದಿದ್ದ ಅವಳ ಅಜ್ಜಿ. ಕೊನೆ ಬಹಳ ಚೆನ್ನಾಗಿದೆ. ಮುನ್ನೂರ ಹನ್ನೆರಡನೇ ಪುಟದ ಹತ್ತಿರ ಒಂದು ಸಾವು ಇದೆ. ದಾದರಿನಲ್ಲಿ ಇಳಿಯುವವರು ನೂಕಿಕೊಂಡು ಹೋದರು, ನಾನು ಪುಟ ಮಡಚಿ ಅಲ್ಲೇ ನಿಂತೆ. ಇದನ್ನು ಹೇಳಬೇಕಾದವರಿಗೆ ಹೇಳಲು ನನಗೆ ಏಳು ತಿಂಗಳ ಭಾನುವಾರಗಳಿದ್ದವು.